ಮೂರೂವರೆ ಕ್ಯಾಸಲ್, ಒಂದು ಮಂಡಿನೋವು

ಬ್ರಿಟನ್ನಿನಲ್ಲಿ ಹಳೇ ಕ್ಯಾಸಲ್ ಒಂದನ್ನು ಇಡಿಯಾಗಿ ಬಾಡಿಗೆಗೆ ಹಿಡಿದು, ಮನೆಯವರು ಸ್ನೇಹಿತರೆಲ್ಲ ಸೇರಿ ಹಳ್ಳಿಗಾಡಿನಲ್ಲಿ ನಾಲ್ಕು ದಿನ ಇದ್ದು ಬರೋಣ ಅಂತ ಮೊದಲ ಸಲ ಹೊರಟಾಗ ನಾವು ನೋಡಿದ್ದು ಬರೀ ಫೋಟೋ. ಗೋಪುರ ಇದೆಯಾ, ಕಂದಕ ಇದೆಯಾ, ಕಿಟಕಿಯಿಂದ ಸಮುದ್ರ ಕಾಣುತ್ತಾ, ಅಷ್ಟೇ. ಈಗ ನಾಲ್ಕು ಕಡೆ ಇದ್ದು ಬಂದಿದ್ದೇವೆ. ಬುಕ್ ಮಾಡುವ ಮುಂಚೆ ನಾನು ಕೇಳುವ ಪ್ರಶ್ನೆ ಎರಡೇ. ಅತ್ತೆ ಮೇಲೆ ಹತ್ತುತ್ತಾರಾ? ರಾತ್ರಿ ಊಟ ಆದ ಮೇಲೆ ಎಲ್ಲರೂ ಎಲ್ಲಿ ಕೂರುತ್ತಾರೆ?

ಅತ್ತೆಗೆ ಎಪ್ಪತ್ತೆರಡು. ಎರಡೂ ಮಂಡಿ ನೋವು. ಬಿಟ್ಟು ಹೋದರೆ ಮಾತ್ರ ವಾರಗಟ್ಟಲೆ ಕೋಪ. ಹಾಗಾಗಿ ಈ ಹೋಲಿಕೆಗೆ ಅವರ ಮಂಡಿಯೇ ಅಳತೆಗೋಲು.

ಮೊದಲು ಹೋಗಿದ್ದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಕಿಂಟೈರ್ ಅನ್ನುವ ಉದ್ದ ನಾಲಗೆಯಂಥ ನೆಲದ ಮೇಲಿರುವ ಸ್ಯಾಡೆಲ್ ಕ್ಯಾಸಲ್‌ಗೆ. ಆರ್ಗೈಲ್‌ನ ಬಿಷಪ್ ಒಬ್ಬರು 1508ರಲ್ಲಿ ಕಟ್ಟಲು ಶುರು ಮಾಡಿದ ಟವರ್ ಹೌಸ್ ಇದು. ಟವರ್ ಹೌಸ್ ಅಂದರೆ ಅಡ್ಡಕ್ಕೆ ಹರಡದೆ ಮೇಲಕ್ಕೆ ಬೆಳೆದ ಮನೆ. ಕೋಣೆಯ ಮೇಲೆ ಕೋಣೆ, ಎಲ್ಲಕ್ಕೂ ಮೇಲೆ ಕೋಟೆಯ ತೆನೆಗಳು. ಈಗ ಇದನ್ನು ನೋಡಿಕೊಳ್ಳುವುದು ಲ್ಯಾಂಡ್‌ಮಾರ್ಕ್ ಟ್ರಸ್ಟ್. 1965ರಲ್ಲಿ ಜಾನ್ ಸ್ಮಿತ್ ಮತ್ತು ಕ್ರಿಸ್ಚಿಯನ್ ಸ್ಮಿತ್ ದಂಪತಿ ಹುಟ್ಟುಹಾಕಿದ ಸಂಸ್ಥೆ ಅದು. ಬಿದ್ದುಹೋಗುವ ಹಳೇ ಕಟ್ಟಡಗಳನ್ನು ರಿಪೇರಿ ಮಾಡುವುದು, ಆಮೇಲೆ ರಜೆಗೆ ಬಾಡಿಗೆ ಕೊಡುವುದು, ಬಂದ ದುಡ್ಡಲ್ಲಿ ನೋಡಿಕೊಳ್ಳುವುದು, ಇದೇ ಅವರ ಕೆಲಸ. ಸ್ಯಾಡೆಲ್‌ನಲ್ಲಿ ಎಂಟು ಜನ ಮಲಗಬಹುದು. ನಾವೂ ಸರಿಯಾಗಿ ಎಂಟು ಜನ.

ಗ್ಲಾಸ್ಗೋದಿಂದ ಬೆಳಗ್ಗೆ ಹೊರಟೆವು. ದಾರಿ ಚೆಂದ, ಆದರೆ ಉದ್ದ. ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್ ಅನ್ನುವ ಘಾಟಿಯಲ್ಲಿ ಮಳೆ ಜೋರಾದರೆ ಗುಡ್ಡ ಜರಿದು ರಸ್ತೆ ಮುಚ್ಚುತ್ತಾರೆ, ಹೊರಡುವ ಮುಂಚೆ ನೋಡಿಕೊಳ್ಳಿ. ಕೊನೆಯ ತುಂಡು ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆ. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ಹೋಗಿದ್ದು ಯಾವಾಗಲೂ ನಾವೇ.

ಬಾಗಿಲು ತೆಗೆದು ಒಳಗೆ ಹೋದರೆ ಎದುರಿಗೇ ಸುರುಳಿ ಮೆಟ್ಟಿಲು. ಒಂದೊಂದು ಕಲ್ಲೂ ಒಳತುದಿಯಲ್ಲಿ ನಾಲ್ಕು ಬೆರಳು ಅಗಲ, ಹೊರತುದಿಯಲ್ಲಿ ಒಂದು ಪಾದ ಕೂರುವಷ್ಟು. ಅದೂ ನಡುವೆ ಸವೆದು ಬಟ್ಟಲಾಗಿದೆ. ದೊಡ್ಡ ಟ್ರಾಲಿ ಸೂಟ್‌ಕೇಸು ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಅದನ್ನು ಕೆಳಗೇ ಬಿಚ್ಚಿ, ಬಟ್ಟೆಗಳನ್ನು ದಿಂಬಿನ ಕವರಿಗೆ ತುಂಬಿ, ಹೆಗಲಿಗೆ ಹಾಕಿಕೊಂಡು ಹತ್ತಿದೆವು. ಅತ್ತೆ ತಮ್ಮ ಊರುಗೋಲನ್ನು ಒಮ್ಮೆ ಮೆಟ್ಟಿಲ ಮೇಲೆ ಇಟ್ಟು ನೋಡಿ, ಕೆಲಸಕ್ಕೆ ಬಾರದು ಅಂತ ನನ್ನ ಕೈಗೆ ಕೊಟ್ಟರು. ಹತ್ತುವಾಗ ಎರಡೂ ಕೈ ಗೋಡೆ ಮೇಲೆ. ಇಳಿಯುವಾಗ ಕೂತುಕೊಂಡೇ, ಒಂದೊಂದೇ ಮೆಟ್ಟಿಲು. "ಮಕ್ಕಳು ಜಾರುಬಂಡೆ ಆಡಿದ ಹಾಗಾಯ್ತು ನೋಡಮ್ಮ" ಅಂತ ತಾವೇ ನಕ್ಕರು. ಎರಡನೇ ದಿನದಿಂದ ಟೀ ಫ್ಲಾಸ್ಕನ್ನು ಬಟ್ಟೆಚೀಲಕ್ಕೆ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಅವರ ಕೋಣೆಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಅಲ್ಲಿ ಕೈಯಲ್ಲಿ ಲೋಟ ಹಿಡಿದು ಹತ್ತಿದರೆ ಮುಗೀತು ಕಥೆ.

ಅಂದಹಾಗೆ, ಬಲಗೈಯಲ್ಲಿ ಕತ್ತಿ ಹಿಡಿದು ಹತ್ತುವ ಶತ್ರುವಿಗೆ ಕಷ್ಟ ಆಗಲಿ ಅಂತಲೇ ಸುರುಳಿಯನ್ನು ಹಾಗೆ ತಿರುಗಿಸಿದ್ದಾರೆ ಅಂತ ಯಾವ ಕ್ಯಾಸಲ್‌ಗೆ ಹೋದರೂ ಯಾರಾದರೊಬ್ಬರು ಹೇಳುತ್ತಾರೆ. ಇದನ್ನು ಒಪ್ಪದ ಇತಿಹಾಸಕಾರರು ಬೇಕಾದಷ್ಟು ಜನ ಇದ್ದಾರೆ. ಶತ್ರು ಅಷ್ಟು ಒಳಗೆ ಬಂದ ಮೇಲೆ ಮೆಟ್ಟಿಲು ಯಾವ ಕಡೆ ತಿರುಗಿದರೇನು, ಅಲ್ವಾ?

ಟ್ರಸ್ಟ್‌ನ ಮನೆಗಳಲ್ಲಿ ಟಿವಿ ಇಡುವುದಿಲ್ಲ. ನಾವು ಹೋದಾಗ ವೈಫೈಯೂ ಇರಲಿಲ್ಲ. ಕಪಾಟಿನಲ್ಲಿ ಆ ಜಾಗಕ್ಕೆ ಹೊಂದುವ ಪುಸ್ತಕಗಳು, ಜೊತೆಗೆ ಮೊದಲು ಬಂದುಹೋದವರೆಲ್ಲ ಬರೆದಿಟ್ಟ ದಪ್ಪ ಲಾಗ್‌ಬುಕ್. ಮೊದಲ ರಾತ್ರಿ ಮಕ್ಕಳು ಮುಖ ಊದಿಸಿಕೊಂಡು ಕೂತಿದ್ದರು. ಎರಡನೇ ರಾತ್ರಿ ಆ ಲಾಗ್‌ಬುಕ್ಕನ್ನು ಜೋರಾಗಿ ಓದಿ ಬಿದ್ದು ಬಿದ್ದು ನಗುತ್ತಿದ್ದರು. ಯಾವ ಕಿಟಕಿ ಗಾಳಿಗೆ ಸದ್ದು ಮಾಡುತ್ತೆ, ಸೀಲ್ ಪ್ರಾಣಿ ಎಷ್ಟು ಹೊತ್ತಿಗೆ ಬಂಡೆ ಮೇಲೆ ಬರುತ್ತೆ, ಎಲ್ಲ ಅದರಲ್ಲೇ ಇತ್ತು. ಹೊರಗೆ ಕಾಲಿಟ್ಟರೆ ಸಮುದ್ರ, ಆಚೆ ದಡದಲ್ಲಿ ಆರನ್ ದ್ವೀಪದ ಬೆಟ್ಟ. ಕೊಲ್ಲಿಯ ಬಂಡೆಗಳ ಮೇಲೆ ಶಿಲ್ಪಿ ಆಂಟನಿ ಗೋರ್ಮ್ಲಿ ಮಾಡಿದ ಲೋಹದ ಮನುಷ್ಯ ಒಬ್ಬ ನಿಂತಿದ್ದಾನೆ. 2015ರಲ್ಲಿ ಟ್ರಸ್ಟ್‌ನ ಐವತ್ತನೇ ವರ್ಷಕ್ಕೆ ನಿಲ್ಲಿಸಿದ್ದು. ಮುಸ್ಸಂಜೆಯಲ್ಲಿ ನೋಡಿದರೆ ಯಾರೋ ನಿಜವಾಗಿ ನಿಂತ ಹಾಗೇ ಕಾಣುತ್ತೆ. ನಮ್ಮವರೊಬ್ಬರು ಕೈ ಬೀಸಿಯೂ ಬಿಟ್ಟರು.

ಎರಡನೆಯದು ಇಂಗ್ಲೆಂಡಿನಲ್ಲಿ. ವಾರಿಕ್‌ಶೈರ್‌ನ ನನೀಟನ್ ಊರಿನ ಹತ್ತಿರದ ಆಸ್ಟ್ಲಿ ಕ್ಯಾಸಲ್. ಇದೂ ಅದೇ ಟ್ರಸ್ಟ್‌ನದು, ಇಲ್ಲೂ ಎಂಟೇ ಜನ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತೆ. ಹೋಟೆಲ್ ಆಗಿದ್ದ ಈ ಕಟ್ಟಡಕ್ಕೆ 1978ರಲ್ಲಿ ಬೆಂಕಿ ಬಿತ್ತು. ಆಮೇಲೆ ಬರೀ ಗೋಡೆ ಉಳಿಯಿತು. ಇದ್ದ ಹಾಗೆ ಮತ್ತೆ ಕಟ್ಟುವುದು ಆಗದ ಮಾತು ಅಂತ ಗೊತ್ತಾದಾಗ, ಹಾಳುಗೋಡೆಗಳ ಒಳಗೇ ಇಟ್ಟಿಗೆ ಮತ್ತು ಮರದ ಹೊಸ ಮನೆ ಕಟ್ಟಿದರು. ವಿದರ್‌ಫೋರ್ಡ್ ವಾಟ್ಸನ್ ಮಾನ್ ಅನ್ನುವ ವಾಸ್ತುಶಿಲ್ಪಿಗಳ ಕೆಲಸ. ಅದಕ್ಕೆ 2013ರಲ್ಲಿ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಬ್ರಿಟನ್ನಿನ ವಾಸ್ತುಶಿಲ್ಪದಲ್ಲಿ ಅದಕ್ಕಿಂತ ದೊಡ್ಡ ಹೆಸರಿನ ಪ್ರಶಸ್ತಿ ಇಲ್ಲ.

ಹೋಗುವ ಮುಂಚೆ ನನಗೆ ಅನುಮಾನವಿತ್ತು. ಹಳೇದರೊಳಗೆ ಹೊಸದು ಅಂದರೆ ಎರಡೂ ಅಲ್ಲದ್ದು ಆಗಿರುತ್ತೆ ಅಂದುಕೊಂಡಿದ್ದೆ. ನನ್ನ ಎಣಿಕೆ ಪೂರ್ತಿ ತಪ್ಪು. ಮನೆಯನ್ನು ತಲೆಕೆಳಗು ಮಾಡಿದ್ದಾರೆ. ಮಲಗುವ ಕೋಣೆ, ಬಚ್ಚಲು ಎಲ್ಲ ನೆಲಮಟ್ಟದಲ್ಲಿ. ಅಡುಗೆ, ಊಟ, ಕೂರುವುದು ಎಲ್ಲ ಮೇಲೆ, ಒಂದೇ ದೊಡ್ಡ ಜಾಗದಲ್ಲಿ. ಅತ್ತೆ ಕೆಳಗೆ ಆರಾಮಾಗಿ ಮಲಗಿದರು, ಮೇಲಕ್ಕೆ ಲಿಫ್ಟಿನಲ್ಲಿ ಬಂದರು. ಕ್ಯಾಸಲ್‌ನಲ್ಲಿ ಲಿಫ್ಟು! ಹಳೇ ಕಟ್ಟಡ ಗಟ್ಟಿಯಾಗಿ ಉಳಿದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ. ಕಾನೂನಿನ ರಕ್ಷಣೆ ಇರುವ ಇಂಥ ಕಟ್ಟಡಗಳಲ್ಲಿ ಒಂದು ಕಿಟಕಿ ಬದಲಾಯಿಸಲೂ ಒಪ್ಪಿಗೆ ಬೇಕು. ಬೆಂಕಿ ಬಿದ್ದದ್ದರಿಂದ ಅತ್ತೆಗೆ ಲಿಫ್ಟ್ ಸಿಕ್ಕಿತು ಅನ್ನಬೇಕು.

ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅಲ್ಲಿನ ಛಾವಣಿಯಿಲ್ಲದ ಅಂಗಳ. ಹಳೇ ಗೋಡೆಗಳ ನಡುವೆ ಆಕಾಶಕ್ಕೆ ತೆರೆದುಕೊಂಡ ಜಾಗ. ಮೇಲಿನ ಮಹಡಿಯೇ ಇಲ್ಲ, ಆದರೆ ಅದರ ಅಗ್ಗಿಷ್ಟಿಕೆಯ ಗೂಡು ಗೋಡೆಯಲ್ಲಿ ಹಾಗೇ ನೇತಾಡುತ್ತಿದೆ. ಅದರ ಕೆಳಗೆ ಕೂತು ಬೆಳಗ್ಗೆ ಕಾಫಿ ಕುಡಿದೆವು. ಸಣ್ಣ ಹನಿ ಬಿದ್ದಾಗ ಯಾರೂ ಏಳಲಿಲ್ಲ. ರಾತ್ರಿ ಮೇಲಿನ ಕೋಣೆಯಲ್ಲಿ ಒಬ್ಬರು ಈರುಳ್ಳಿ ಹೆಚ್ಚುತ್ತಿದ್ದರೆ ಇನ್ನೊಬ್ಬರು ಓದುತ್ತಿದ್ದರು, ಮಕ್ಕಳು ನೆಲದ ಮೇಲೆ. ಯಾರನ್ನೂ ಕೂಗಿ ಕರೆಯಬೇಕಾಗಿರಲಿಲ್ಲ. ಸ್ಯಾಡೆಲ್‌ನಲ್ಲಿ ಊಟಕ್ಕೆ ಕರೆಯಲು ಮೆಟ್ಟಿಲ ಬುಡದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ.

ಇತಿಹಾಸ ಬೇಕಿದ್ದವರಿಗೆ ಇಲ್ಲೂ ಕೊರತೆ ಇಲ್ಲ. ಒಂಬತ್ತೇ ದಿನ ರಾಣಿಯಾಗಿದ್ದ ಲೇಡಿ ಜೇನ್ ಗ್ರೇ ಅವರ ಮನೆತನದ ಆಸ್ತಿಯಾಗಿತ್ತು ಇದು. ಆಕೆಯ ಅಪ್ಪ 1554ರಲ್ಲಿ ದಂಗೆ ಸೋತು, ಇಲ್ಲೇ ಟೊಳ್ಳು ಮರವೊಂದರಲ್ಲಿ ಅಡಗಿ ಕೂತು ಸಿಕ್ಕಿಬಿದ್ದ ಅಂತ ಕಥೆ. ಆಮೇಲೆ ತಲೆ ಕಡಿದರು. ಅತ್ತೆ ಈ ಕಥೆಯನ್ನು ಮೂರು ಸಲ ಹೇಳಿಸಿಕೊಂಡರು.

ಇವೆರಡರ ನಡುವೆ ಒಂದು ಅರ್ಧ ಕ್ಯಾಸಲ್‌ನಲ್ಲೂ ಇದ್ದೆವು. ಅರ್ಧ ಅಂತ ಯಾಕೆ ಅಂದರೆ ಅದು ಕೋಟೆಯ ವೇಷ ಹಾಕಿದ ಕಟ್ಟಡ. ವೇಲ್ಸ್‌ನ ಆಬರ್ಗವೆನಿ ಹತ್ತಿರದ ಕ್ಲೈಥಾ ಕ್ಯಾಸಲ್. ಯಾವ ಯುದ್ಧವನ್ನೂ ಕಂಡಿಲ್ಲ. ಹೆಂಡತಿಯನ್ನು ಕಳೆದುಕೊಂಡ ವಿಲಿಯಂ ಜೋನ್ಸ್ ಅನ್ನುವವರು ದುಃಖ ಮರೆಯಲು 1790ರಲ್ಲಿ ಗುಡ್ಡದ ಮೇಲೆ ಇದನ್ನು ಕಟ್ಟಿಸಿದರು. ಆ ಮಾತನ್ನು ಗೋಡೆಯ ಮೇಲೆ ಕಲ್ಲಿನಲ್ಲೇ ಕೆತ್ತಿಸಿದ್ದಾರೆ. ಆರೇ ಜನಕ್ಕೆ ಜಾಗ. ಅತ್ತೆ ಆ ಸಲ ಬಂದಿರಲಿಲ್ಲ. ಗುಂಪು ಅನ್ನುವುದಕ್ಕಿಂತ ಎರಡು ಜೋಡಿ, ಒಂದಿಬ್ಬರು ಮಕ್ಕಳು ಇದ್ದರೆ ಸರಿ. ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಮೂರನೆಯದರ ಹೆಸರು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಒಳನಾಡಿನಲ್ಲಿ ಖಾಸಗಿಯವರು ನಡೆಸುವ ದೊಡ್ಡ ಕ್ಯಾಸಲ್. ರಾಣಿ ವಿಕ್ಟೋರಿಯಾ ಕಾಲದ್ದು. ಆಕೆಯ ಬಾಲ್ಮೋರಲ್ 1856ರಲ್ಲಿ ಮುಗಿದ ಮೇಲೆ ಶ್ರೀಮಂತರೆಲ್ಲ ಹೀಗೇ ಚೂಪು ಗೋಪುರ ಇಟ್ಟು ಕಟ್ಟಿಸತೊಡಗಿದರು. ನಾವು ಹದಿನೆಂಟು ಜನ. ಅಗಲ ಮೆಟ್ಟಿಲು, ಹಿಡಿದುಕೊಳ್ಳಲು ಮರದ ಕಂಬಿ, ಕೋಣೆ ಕೋಣೆಗೂ ಬಚ್ಚಲು. ಅತ್ತೆಯ ಮಂಡಿ ಖುಷಿಯಾಗಿತ್ತು. ಮಿಕ್ಕವರು ಅಲ್ಲ.

ಇಪ್ಪತ್ತು ಜನಕ್ಕೆ ಹಾಸಿಗೆ ಅಂದಿದ್ದರು. ಅದರಲ್ಲಿ ನಾಲ್ಕು ಅಟ್ಟದ ಮೇಲಿನ ಬಂಕ್, ಎರಡು ಸೋಫಾ. ಬಿಸಿನೀರು ನಾಲ್ಕನೆಯವರ ಸ್ನಾನಕ್ಕೆ ಖಾಲಿ. ಹಳ್ಳಿಗಾಡಿನಲ್ಲಿ ಎಷ್ಟೋ ಕಡೆ ಗ್ಯಾಸ್ ಪೈಪು ಇರುವುದಿಲ್ಲ, ಟ್ಯಾಂಕಿನ ಎಣ್ಣೆಯಲ್ಲೇ ಮನೆ ಬಿಸಿಯಾಗಬೇಕು. ಅದನ್ನು ಬೆಳಗ್ಗೆ ಎರಡು ಗಂಟೆ ಹೊತ್ತು, ಸಂಜೆ ಮೂರು ಗಂಟೆ ಹೊತ್ತು ಅಂತ ಟೈಮರಿಗೆ ಕಟ್ಟಿಹಾಕಿದ್ದರು. ಜಾಸ್ತಿ ಬೇಕಿದ್ದರೆ ಜಾಸ್ತಿ ದುಡ್ಡು. ದಪ್ಪ ಕಲ್ಲುಗೋಡೆಯ ಗುಣ ಏನು ಅಂದರೆ ಅದು ಬಿಸಿಯಾಗಲು ದಿನಗಟ್ಟಲೆ ಬೇಕು. ಒಮ್ಮೆ ಬಿಸಿಯಾದರೆ ತಣಿಯಲೂ ಅಷ್ಟೇ ಹೊತ್ತು. ಹೀಗೆ ಐದು ಗಂಟೆ ಕಾಯಿಸಿದರೆ ಬಿಸಿಯಾಗುವುದು ಗಾಳಿ ಮಾತ್ರ, ಗೋಡೆ ಅಲ್ಲ. ಅದೇ ಗೋಡೆ ವೈಫೈಯನ್ನೂ ಬಿಡುವುದಿಲ್ಲ. ಇಲ್ಲಿ ವೈಫೈ ಇತ್ತು, ರೌಟರ್ ಇದ್ದ ಕೋಣೆಯಲ್ಲಿ.

ಫೋಟೋದಲ್ಲಿ ನಮ್ಮನ್ನು ಮರುಳು ಮಾಡಿದ್ದು ಅಲ್ಲಿನ ದೊಡ್ಡ ಹಾಲ್. ಗೋಡೆ ತುಂಬ ಜಿಂಕೆ ಕೊಂಬು, ಆಳೆತ್ತರದ ಅಗ್ಗಿಷ್ಟಿಕೆ. ಮೂರು ರಾತ್ರಿಯಲ್ಲಿ ಅಲ್ಲಿ ಕೂತಿದ್ದು ಒಟ್ಟು ಅರ್ಧ ಗಂಟೆ, ಅದೂ ಕೋಟು ಹಾಕಿಕೊಂಡು ಗುಂಪು ಫೋಟೋಗೆ. ಮಿಕ್ಕ ಹೊತ್ತೆಲ್ಲ ಹದಿನೆಂಟೂ ಜನ ಅಡುಗೆಮನೆಯಲ್ಲಿ. ಅಲ್ಲಿ ಸದಾ ಬೆಚ್ಚಗಿರುವ ಆಗಾ ಒಲೆ ಇತ್ತು. ಅತ್ತೆಗೆ ಅದರ ಪಕ್ಕದ ಕುರ್ಚಿ, ಮಿಕ್ಕವರು ನಿಂತೇ. ತಲೆಗೆ ರಾತ್ರಿಗೆ ಸುಮಾರು 90 ಪೌಂಡ್ ಕೊಟ್ಟು ಅಡುಗೆಮನೆಯಲ್ಲಿ ನಿಂತೆವು ಅಂತ ನಮ್ಮ ಯಜಮಾನರು ಈಗಲೂ ಗೊಣಗುತ್ತಾರೆ.

ಹೊರಟ ಮೇಲೆ ಡೆಪಾಸಿಟ್ಟಿನ ಕಥೆ. ಕಾರ್ಪೆಟ್ ಮೇಲೆ ವೈನ್ ಕಲೆ ಅಂತ 200 ಪೌಂಡ್ ಹಿಡಿದುಕೊಂಡರು. ಆ ಕಲೆ ನಾವು ಹೋದಾಗಲೇ ಇತ್ತು. ನಮ್ಮ ಪುಣ್ಯಕ್ಕೆ ಒಬ್ಬ ಹುಡುಗಿ ಮೊದಲ ದಿನವೇ ನಾಯಿಮರಿ ಜೊತೆ ಅಲ್ಲಿ ಕೂತು ಸೆಲ್ಫಿ ತೆಗೆದುಕೊಂಡಿದ್ದಳು, ಕಲೆಯೂ ಅದರಲ್ಲಿ ಬಿದ್ದಿತ್ತು. ಆರು ವಾರದ ಮೇಲೆ ದುಡ್ಡು ವಾಪಸ್. ಸಾಮಾನು ಇಳಿಸುವ ಮುಂಚೆ ಮನೆಯೆಲ್ಲ ವಿಡಿಯೋ ಮಾಡಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಈಗ ಇಂಥ ಬಾಡಿಗೆಗೆ ಲೈಸೆನ್ಸ್ ಬೇಕು. ಮೊದಲಿನಿಂದ ಬಾಡಿಗೆ ಕೊಡುತ್ತಿದ್ದವರೂ 2023ರ ಅಕ್ಟೋಬರ್ 1ರೊಳಗೆ ಅರ್ಜಿ ಹಾಕಬೇಕಿತ್ತು. ಜಾಹೀರಾತಿನಲ್ಲಿ ಆ ನಂಬರ್ ಇರಬೇಕು. ಎಷ್ಟು ಜನ ಇರಬಹುದು ಅನ್ನುವುದೂ ಲೈಸೆನ್ಸಿನಲ್ಲಿ ಇರುತ್ತೆ. ಸೋಫಾಗಳನ್ನು ಎಣಿಸುವ ಮುಂಚೆ ಅದನ್ನು ಕೇಳಿ.

ಹಾಗಾದರೆ ಯಾವುದು? ಎಂಟು ಜನ, ಅದರಲ್ಲಿ ವಯಸ್ಸಾದವರು, ಒಟ್ಟಿಗೆ ಇರಬೇಕು ಅನ್ನುವವರು ಇದ್ದರೆ ಕಣ್ಣು ಮುಚ್ಚಿಕೊಂಡು ಆಸ್ಟ್ಲಿ. ಅದರ ಊರು ಸಾಧಾರಣ, ಸಮುದ್ರ ಇಲ್ಲ, ಬೆಟ್ಟ ಇಲ್ಲ, ಆದರೆ ಹೊರಗೆ ಹೋಗಬೇಕು ಅಂತಲೇ ಅನಿಸುವುದಿಲ್ಲ. ಬೇಸಿಗೆಯ ವಾರಾಂತ್ಯ ಬೇಕಿದ್ದರೆ ವರ್ಷ ಮೊದಲೇ ನೋಡಬೇಕು. ಚಳಿಗಾಲದಲ್ಲಿ ಸೋಮವಾರದಿಂದ ಶುಕ್ರವಾರ ಹೋಗುವ ಹಾಗಿದ್ದರೆ ಬೆಲೆಯೂ ಇಳಿಯುತ್ತೆ. ಹುಡುಗರು, ಗಟ್ಟಿ ಕಾಲಿನವರು, ನಿಜವಾದ ಕ್ಯಾಸಲ್ಲೇ ಬೇಕು ಅನ್ನುವವರಿಗೆ ಸ್ಯಾಡೆಲ್. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಸುತ್ತಲಿನ ನೆಲದ ಮೇಲೆ ಜವಾಬ್ದಾರಿಯಿಂದ ಬಹುತೇಕ ಎಲ್ಲಿ ಬೇಕಾದರೂ ನಡೆಯಬಹುದು. ಇಂಗ್ಲೆಂಡಿನಲ್ಲಿ ಬಹುಪಾಲು ಕಾಲುದಾರಿ ಬಿಟ್ಟು ಕದಲುವ ಹಾಗಿಲ್ಲ. ಹದಿನೆಂಟು ಜನ ಒಂದೇ ಸೂರಿನಡಿ ಅನ್ನುವುದನ್ನು ನಾನಂತೂ ಕೈಬಿಟ್ಟೆ.

ಅದಕ್ಕೆ ಬದಲು ನನ್ನ ಲೆಕ್ಕ ಬೇರೆ. ಸ್ಯಾಡೆಲ್ ಕೊಲ್ಲಿಯಲ್ಲಿ ಕ್ಯಾಸಲ್ ಒಂದೇ ಅಲ್ಲ, ಅದೇ ಟ್ರಸ್ಟ್‌ನ ಬೇರೆ ಮನೆಗಳೂ ಇವೆ. 1774ರ ದೊಡ್ಡ ಸ್ಯಾಡೆಲ್ ಹೌಸ್ ಇದೆ. ಸಮುದ್ರದ ಅಂಚಿಗೇ ಕುಲ್ ನಾ ಶೀ ಅನ್ನುವ ಪುಟ್ಟ ಮನೆ ಇದೆ, ಮೆಟ್ಟಿಲಿನ ಗೊಡವೆ ಇಲ್ಲ. ಕ್ಯಾಸಲ್ ಜೊತೆಗೆ ಅದನ್ನೂ ಹಿಡಿದರೆ ಅತ್ತೆ ರಾತ್ರಿ ಅಲ್ಲಿ ಮಲಗಬಹುದು, ಹಗಲು ನಮ್ಮ ಜೊತೆ ಇರಬಹುದು. ಹೋದ ವಾರ ಅವರಿಗೆ ಫೋಟೋ ತೋರಿಸಿ ಹೇಳಿದೆ. ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದರು.

"ಮನೆ ಚೆನ್ನಾಗಿದೆ. ನೀವಿಬ್ರೂ ಅಲ್ಲಿ ಮಲಕ್ಕೊಳ್ಳಿ" ಅಂದರು. "ನಾನು ಕ್ಯಾಸಲ್‌ನಲ್ಲೇ."