ಬ್ಯಾಟರಿ ಬೇಡದ ಆರೋಗ್ಯ ಪಟ್ಟಿ: ಕೊಡಗಿಗೆ ಯಾವುದು ಹೊಂದುತ್ತದೆ?

ಮಡಿಕೇರಿ ಬಳಿ ತೋಟದಲ್ಲಿ ದುಡಿಯುವ ಅಪ್ಪನಿಗೆ ಜ್ವರ, ಎದೆಬಡಿತ ನೋಡಲು ಮೈಗೆ ಹಾಕುವ ಸೋಲಾರ್, ಮೈಬಿಸಿ, ಎನ್‌ಎಫ್‌ಸಿ (ಹತ್ತಿರದ ಮೊಬೈಲ್ ಜೊತೆ ತಂತಿಯಿಲ್ಲದ ಸಂಪರ್ಕ) ಪಟ್ಟಿಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ.

ಮೊದಲು ನಮ್ಮ ಮಳೆ ನೋಡಬೇಕು, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಉಳಿದ ದಿನ ಕಾಫಿ ಗಿಡದ ಮೇಲೆ ಮರದ ನೆರಳು. ಸೋಲಾರ್ ಪಟ್ಟಿಗೆ ಬೆಳಕು ಸಾಲದು. ಬಯಲಲ್ಲಿ ಗದ್ದೆ ಕೆಲಸವಾದರೆ ಸರಿ.

ಮೈಬಿಸಿಯ ಪಟ್ಟಿ ಚರ್ಮಕ್ಕೂ ಗಾಳಿಗೂ ಇರುವ ಬಿಸಿಯ ವ್ಯತ್ಯಾಸದಿಂದ ಕರೆಂಟ್ ಮಾಡುತ್ತದೆ. ಡಿಸೆಂಬರ್ ಚಳಿಯಲ್ಲಿ ಜಾಸ್ತಿ, ಮೇಲೆ ಸ್ವೆಟರ್ ಮುಚ್ಚಿದರೆ ಕಡಿಮೆ. ಇದಕ್ಕೆ ಬಳಸುವ ಬಿಸ್ಮತ್ ಟೆಲ್ಲುರೈಡ್ ಎಂಬ ವಸ್ತು ಪೆಡಸು, ಬಾಗಿಸಿದರೆ ಬಿರುಕು ಬಿಡಬಹುದು. ಮರ ಹತ್ತಿ ಕಪಾತು ಮಾಡುವವರ ತೋಳಿಗೆ ನಾನಂತೂ ಹೇಳಲಾರೆ.

ಎನ್‌ಎಫ್‌ಸಿ ಪಟ್ಟಿ ಸರಳ, ಅಗ್ಗ. ಮೊಬೈಲ್ ಹತ್ತಿರ ಹಿಡಿದಾಗ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಶಕ್ತಿ ಪಡೆಯುತ್ತದೆ. ದಿನಕ್ಕೆರಡು ಸಲ ಜ್ವರ ನೋಡಲು ಇದೇ ಸಾಕು. ಎದೆಬಡಿತ ಸದಾ ಗಮನಿಸಬೇಕಾದರೆ ಮೂರೂ ಬೇಡ, ಡಾಕ್ಟರ್ ಹೇಳಿದ ಬ್ಯಾಟರಿ ಯಂತ್ರವೇ ಇರಲಿ.