ಮಳೆಗಾಲದ ಲಾರಿ ಲೆಕ್ಕ: ಸರಾಸರಿ, ಸನ್ನಿವೇಶ, ರೋಬಸ್ಟ್

ಹಾಸನದಿಂದ ಪುತ್ತೂರಿಗೆ ಹಿಂಡಿ ಲೋಡ್ ಕಳಿಸುವ ಪ್ಲ್ಯಾನ್ ನನ್ನದು. ಜೂನ್ ಬಂತೆಂದರೆ ಒಂದೇ ಚಿಂತೆ, ಶಿರಾಡಿ ಘಾಟಿ ತೆರೆದಿರುತ್ತಾ? ಮುಚ್ಚಿದರೆ ಮಡಿಕೇರಿ, ಸಂಪಾಜೆ ಸುತ್ತಿ ಹೋಗಬೇಕು. ಹಿಂಡಿ ತಪ್ಪಿದರೆ ಹಸು ಹಾಲು ಇಳಿಸುತ್ತದೆ, ಸಾಕಿದವರ ಕೈಗೆ ದುಡ್ಡು ಕಡಿಮೆ ಬರುತ್ತದೆ. ಅದಕ್ಕೆ ಶನಿವಾರವೇ ಪುತ್ತೂರಿನ ಗೋಡೌನಿನಲ್ಲಿ ಎಷ್ಟು ಹೆಚ್ಚುವರಿ ಲೋಡ್ ಇಡಬೇಕು ಅಂತ ಮೂರು ರೀತಿಯಲ್ಲಿ ಲೆಕ್ಕ ಹಾಕಿ ನೋಡಿದೆ. ಮೂರಕ್ಕೂ ಬಳಸಿದ್ದು ಲೆಕ್ಕವನ್ನು ಕಂಪ್ಯೂಟರಿಗೆ ಬರೆದುಕೊಡುವ ಪೈಥಾನ್‌ನ ಪಲ್ಪ್ ಮತ್ತು ಅದನ್ನು ಬಿಡಿಸಿ ಉತ್ತರ ಕೊಡುವ ಸಿಬಿಸಿ ಸಾಲ್ವರ್. ಎರಡೂ ಉಚಿತ.

ಸರಾಸರಿ ಹಿಡಿದು ಮಾಡುವ ಲೆಕ್ಕ ಸುಲಭ, ಆದರೆ ನನಗೆ ಅದು ಕೈಕೊಟ್ಟಿತು. ಶಿರಾಡಿಯಲ್ಲಿ ನಮ್ಮ ಲಾರಿಗೆ 5 ಗಂಟೆ ಬೇಕು, ಸುತ್ತಿ ಹೋದರೆ 9. ಹತ್ತು ದಿನದಲ್ಲಿ ಎರಡು ದಿನ ಘಾಟಿ ಮುಚ್ಚಿದರೆ ಸರಾಸರಿ 5 ಗಂಟೆ 48 ನಿಮಿಷ. ಅಷ್ಟು ಹೊತ್ತಿಗೆ ಯಾವ ಲಾರಿಯೂ ಯಾವತ್ತೂ ತಲುಪಿಲ್ಲ! ಘಾಟಿ ಒಂದೋ ತೆರೆದಿರುತ್ತದೆ, ಇಲ್ಲಾ ಮುಚ್ಚಿರುತ್ತದೆ. ಈ ಮಾಡೆಲ್ ಪ್ರತಿ ವಾರ 'ಹೆಚ್ಚುವರಿ ಬೇಡ' ಅಂತಲೇ ಹೇಳಿತು.

ಸನ್ನಿವೇಶದ ವಿಧಾನ ಹಳೆಯದು, ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1955ರಲ್ಲೇ ಬರೆದದ್ದು. ಇದರಲ್ಲಿ ತೀರ್ಮಾನ ಎರಡು ಹಂತದಲ್ಲಿ. ಎಷ್ಟು ಲೋಡ್ ಇಡಬೇಕು ಅನ್ನೋದನ್ನು ಮಳೆ ನೋಡುವ ಮೊದಲೇ ಹೇಳಬೇಕು. ಯಾವ ದಾರಿ ಹಿಡಿಯಬೇಕು ಅನ್ನೋದನ್ನು ನೋಡಿದ ಮೇಲೆ. ನಮ್ಮ ಟ್ರಿಪ್ ಪುಸ್ತಕದಲ್ಲಿ ಮೂರು ಮಳೆಗಾಲದ 45 ವಾರಗಳಿದ್ದವು. ಒಂದೊಂದು ವಾರವೂ ಒಂದು ಸನ್ನಿವೇಶ. ಮೊದಲು ನಾನೊಂದು ತಪ್ಪು ಮಾಡಿದೆ. ಶಿರಾಡಿಗೂ ಸಂಪಾಜೆಗೂ ಬೇರೆ ಬೇರೆಯಾಗಿ ಚೀಟಿ ಎತ್ತಿದ ಹಾಗೆ ಲೆಕ್ಕ ಹಾಕಿದೆ. ಆದರೆ ಎರಡೂ ಘಾಟಿ ನೆನೆಯುವುದು ಒಂದೇ ಮಳೆಗೆ ಅಲ್ವಾ? 2018ರ ಆಗಸ್ಟ್‌ನಲ್ಲಿ ಎರಡು ಕಡೆಯೂ ಗುಡ್ಡ ಕುಸಿದಿತ್ತು. ಆಮೇಲೆ ವಾರವನ್ನು ಇಡಿಯಾಗಿ ಎತ್ತಿಕೊಂಡೆ. ಉತ್ತರ 1 ಲೋಡ್‌ನಿಂದ 2ಕ್ಕೆ ಏರಿತು. ಅರ್ಧ ನಿಮಿಷದೊಳಗೆ ಉತ್ತರ ಸಿಗುತ್ತದೆ. ಗೋಡೌನಿನವರಿಗೂ 'ಹೋದ ವರ್ಷದ ಆ ವಾರ ನೆನಪಿದೆಯಾ?' ಅಂತ ತೋರಿಸಿ ಒಪ್ಪಿಸಬಹುದು. ಆದರೆ ಪುಸ್ತಕದಲ್ಲಿ ಇಲ್ಲದ ಮಳೆ ಇದಕ್ಕೆ ಗೊತ್ತಿಲ್ಲ. ನಮ್ಮ 45 ವಾರಗಳಲ್ಲಿ 2018 ಇರಲೇ ಇಲ್ಲ.

ರೋಬಸ್ಟ್, ಅಂದರೆ ಕೆಟ್ಟ ಸ್ಥಿತಿ ಬಂದರೂ ತಡೆದುಕೊಳ್ಳುವ ಲೆಕ್ಕದ ವಿಧಾನಕ್ಕೆ ಹಳೇ ಪುಸ್ತಕ ಬೇಕಿಲ್ಲ. ಸಮಯ ಎಲ್ಲಿಂದ ಎಲ್ಲಿಯವರೆಗೆ ಹೋಗಬಹುದು ಅಂತ ಹೇಳಿದರೆ ಸಾಕು. ಸಾಯ್‌ಸ್ಟರ್ ಅನ್ನೋ ಸಂಶೋಧಕರು 1973ರಲ್ಲಿ ಹೇಳಿದ ರೀತಿಯಲ್ಲಿ ಎಲ್ಲವೂ ಒಟ್ಟಿಗೆ ಕೆಡುತ್ತದೆ ಅಂದುಕೊಳ್ಳಬೇಕು. ಅದು 9 ಲೋಡ್ ಕೇಳಿತು. ನಮ್ಮ ಗೋಡೌನಿಗೆ ಹಿಡಿಸುವುದೇ 6. ಸುಮ್ನೆ ತುಂಬಿದರೂ ಕರಾವಳಿಯ ತೇವಕ್ಕೆ ಹಿಂಡಿ ಬೂಸ್ಟು ಹಿಡಿಯುತ್ತದೆ, ಅದನ್ನು ಹಸುವಿಗೆ ಹಾಕುವಂತಿಲ್ಲ. 2004ರಲ್ಲಿ ಬರ್ಟ್ಸಿಮಾಸ್ ಮತ್ತು ಸಿಮ್ ಅನ್ನೋ ಇಬ್ಬರು ಸಂಶೋಧಕರು ಕೊಟ್ಟ ದಾರಿ ಇದಕ್ಕಿಂತ ಮೆತ್ತಗಿನದು. ಒಟ್ಟಿಗೆ ಎಷ್ಟು ಕೆಡಬಹುದು ಅನ್ನೋದಕ್ಕೆ ನಾವೇ ಒಂದು ಮಿತಿ ಹಾಕಬಹುದು. ವಾರದ ಆರು ದಿನದಲ್ಲಿ ಎರಡು ದಿನ ಕೆಡಲಿ ಅಂದೆ, 4 ಲೋಡ್ ಬಂತು.

ನನ್ನ ಆಯ್ಕೆ ಸನ್ನಿವೇಶದ್ದೇ. ಇಟ್ಟ ಲೋಡ್ ಹಾಳಾಗದೆ ಖರ್ಚಾಗುವುದು ಅದರಲ್ಲೇ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ರೆಡ್ ಅಲರ್ಟ್ ಬಂದ ವಾರ ಮಾತ್ರ ಅದನ್ನು ಪಕ್ಕಕ್ಕಿಟ್ಟು, ಮಿತಿ ಹಾಕಿದ ರೋಬಸ್ಟ್ ಲೆಕ್ಕ ಹಿಡಿಯುತ್ತೇನೆ. ಶನಿವಾರ ಮಧ್ಯಾಹ್ನದೊಳಗೆ ಎರಡು ಲಾರಿ ಜಾಸ್ತಿ ಹೊರಡುತ್ತವೆ, ಸಕಲೇಶಪುರ ದಾಟಿದ ಮೇಲೆ ಡ್ರೈವರ್ ಫೋನ್ ಮಾಡುತ್ತಾರೆ.