ಕಟ್ಟಡಕ್ಕೊಂದು, ಯಂತ್ರಕ್ಕೊಂದು: ಸವಕಳಿಯ ಎರಡು ಪದ್ಧತಿಗಳ ಹೋಲಿಕೆ
ನಿರ್ಮಾಣ ಕಂಪನಿಯ ಲೆಕ್ಕದಲ್ಲಿ ಸವಕಳಿಯನ್ನು (ಆಸ್ತಿ ಸವೆದಂತೆ ಅದರ ಬೆಲೆಯಿಂದ ವರ್ಷವರ್ಷವೂ ಕಳೆಯುವ ಮೊತ್ತವನ್ನು) ಪ್ರತಿ ವರ್ಷ ಒಂದೇ ಮೊತ್ತದ ಸ್ಥಿರ ಕಂತಿನಲ್ಲಿ ಕಳೆಯಬೇಕೋ, ಹಿಂದಿನ ಸವಕಳಿ ಕಳೆದು ಉಳಿದ ಬೆಲೆಯ ಮೇಲೆ ಒಂದೇ ಶೇಕಡಾ ದರ ಹಾಕುವ ಇಳಿಕೆ ಶಿಲ್ಕಿನ ಪದ್ಧತಿಯಲ್ಲೋ ಎಂಬುದನ್ನು ಆಸ್ತಿ ಸವೆಯುವ ರೀತಿಯೇ ನಿರ್ಧರಿಸಬೇಕು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಕಾಂಕ್ರೀಟ್ ಚೌಕಟ್ಟಿನ ಕಚೇರಿ ಕಟ್ಟಡಕ್ಕೆ 60 ವರ್ಷಗಳ ಬಾಳಿಕೆಯನ್ನು ಸೂಚಿಸುತ್ತದೆ. ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಬಗೆಯ ಉಪಯೋಗ ಕೊಡುವ ಇಂಥ ಆಸ್ತಿಗೆ ಸ್ಥಿರ ಕಂತೇ ಸಾಕು. ನಿವೇಶನದ ಬೆಲೆಯನ್ನು ಮಾತ್ರ ಬೇರ್ಪಡಿಸಬೇಕು, ಏಕೆಂದರೆ ಭೂಮಿಗೆ ಸವಕಳಿಯಿಲ್ಲ.

ಮಣ್ಣು ಅಗೆಯುವ ಯಂತ್ರದ ಮಾತೇ ಬೇರೆ. ಅದರ ಬಾಳಿಕೆ 9 ವರ್ಷ. 40 ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ. 5ರಷ್ಟು ಉಳಿಕೆ ಮೌಲ್ಯ (ಬಾಳಿಕೆ ಮುಗಿದಾಗ ಸಿಗಬಹುದಾದ ಬೆಲೆ) ಹಿಡಿದರೆ ಸ್ಥಿರ ಕಂತು ವರ್ಷಕ್ಕೆ ಸುಮಾರು 4.22 ಲಕ್ಷವಾಗುತ್ತದೆ, ಇಳಿಕೆ ಶಿಲ್ಕಿನಲ್ಲಿ ದರ ಸುಮಾರು ಶೇ. 28.3 ಆಗಿ, ಮೊದಲ ವರ್ಷವೇ 11.3 ಲಕ್ಷ, ಕೊನೆಯ ವರ್ಷ 80 ಸಾವಿರದಷ್ಟು ಕಳೆಯುತ್ತದೆ. ಯಂತ್ರ ಹಳತಾದಂತೆ ದುರಸ್ತಿ ವೆಚ್ಚ ಏರುವುದರಿಂದ ಈ ಇಳಿಮುಖ ಹೊರೆ ಕಾಮಗಾರಿಯ ನಿಜವಾದ ವೆಚ್ಚಕ್ಕೆ ಹತ್ತಿರವಿರುತ್ತದೆ, ನನ್ನ ಆಯ್ಕೆಯೂ ಇದೇ. ಆದರೆ ಆರಂಭದ ವರ್ಷಗಳಲ್ಲಿ ಲಾಭ ಕುಗ್ಗಿ ಕಾಣುವುದನ್ನು ಸಾಲ ಕೊಡುವ ಬ್ಯಾಂಕಿಗೆ ಮೊದಲೇ ವಿವರಿಸಬೇಕು.

ಆದಾಯ ತೆರಿಗೆಗೆ ಈ ಆಯ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಆಸ್ತಿ ಸಮೂಹದ (ಒಂದೇ ಬಗೆಯ, ಒಂದೇ ದರದ ಆಸ್ತಿಗಳ ಗುಂಪಿನ) ಇಳಿಕೆ ಶಿಲ್ಕಿನ ಮೇಲೆ ಸಾಮಾನ್ಯ ಯಂತ್ರಗಳಿಗೆ ಶೇ. 15, ವಾಸಕ್ಕಲ್ಲದ ಕಟ್ಟಡಗಳಿಗೆ ಶೇ. 10 ಎಂದು ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು.